ಕೂದಲೆಳೆಯಷ್ಟು ಬಿರುಕು

ಶಿಷ್ಯನೊಬ್ಬ ಗುರುವಿನ ಬಳಿ ಬಂದು ಕೇಳಿದ: “ಗುರುಗಳೇ, ಒಂಬತ್ತು ವರ್ಷ ಕೂತು ಒಂದು ಗ್ರಂಥಕ್ಕೆ ಬರೆದ ನನ್ನ ಟೀಕೆಯ ಬುಡದಲ್ಲೇ ಒಂದು ತಪ್ಪಿದೆ. ಓದಿದವರೆಲ್ಲ ಮೆಚ್ಚಿದ್ದಾರೆ, ತಪ್ಪು ಕಂಡದ್ದು ನನಗೊಬ್ಬನಿಗೆ. ಹೇಳಲೇಬೇಕೇ?”

ಗುರುಗಳು ಒಂದು ಕತೆ ಹೇಳಿದರು.

ಮೋಟಾರು ಬಂಡಿಗಳು ನಮ್ಮ ಸೀಮೆಗೆ ಹೊಸದಾಗಿ ಬಂದ ಕಾಲ. ಘಟ್ಟದ ಬುಡದ ಊರಿನಲ್ಲಿ ಒಬ್ಬ ಕಮ್ಮಾರನಿದ್ದ. ಆಗಿನ ಬಂಡಿಗಳು ಘಟ್ಟ ಹತ್ತುವಾಗ ಕಾದು, ನೀರು ಕುದಿದು, ನಡುದಾರಿಯಲ್ಲಿ ನಿಂತುಬಿಡುತ್ತಿದ್ದವು. ಅವುಗಳನ್ನು ರಿಪೇರಿ ಮಾಡುತ್ತ ಕಮ್ಮಾರನಿಗೆ ಒಂದು ಯೋಚನೆ ಹೊಳೆಯಿತು. ಎಲ್ಲ ಎಂಜಿನ್ನುಗಳಲ್ಲೂ ಸಿಲಿಂಡರು ನಿಂತಿರುತ್ತದೆ, ನಡುವಿನ ದಂಡ ತಿರುಗುತ್ತದೆ. ದಂಡವನ್ನು ನಿಲ್ಲಿಸಿ, ಸಿಲಿಂಡರುಗಳನ್ನೇ ಅದರ ಸುತ್ತ ತಿರುಗಿಸಿದರೆ? ತಿರುಗುವಾಗಿನ ಗಾಳಿಗೆ ಅವು ತಾವೇ ತಣ್ಣಗಾದಾವು. ನೀರೇ ಬೇಡ.

ಊರು ನಕ್ಕಿತು. “ಗುಂಡನ್ನು ನಿಲ್ಲಿಸಿ ಒರಳನ್ನು ತಿರುಗಿಸುತ್ತಾನಂತೆ ಹುಚ್ಚ!”

ಅವನು ಕಿವಿಗೊಡಲಿಲ್ಲ. ಒಂದರ ಹಿಂದೊಂದು ಮೂರು ಎಂಜಿನ್ನು ಒಡೆದವು. ಮೂರನೆಯದರ ಚೂರು ಅವನ ಎಡಗಣ್ಣನ್ನು ತೆಗೆದುಕೊಂಡು ಹೋಯಿತು. ಹೆಂಡತಿ ಗಾಯ ತೊಳೆದು ಬಟ್ಟೆ ಕಟ್ಟಿದಳು. ಇನ್ನು ಸಾಕು ಎಂದು ಮಾತ್ರ ಹೇಳಲಿಲ್ಲ.

ಹನ್ನೊಂದನೆಯ ವರ್ಷ, ನಾಲ್ಕನೆಯ ಎಂಜಿನ್ನು ಓಡಿತು. ಒಬ್ಬ ವರ್ತಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಮ್ಮಾರ ಎಲ್ಲೂ ನಿಲ್ಲದೆ ಘಟ್ಟದ ನೆತ್ತಿ ಮುಟ್ಟಿದ. ವರ್ತಕ ಇಳಿದವನೇ ಅವನನ್ನು ತಬ್ಬಿಕೊಂಡ. ದೀಪಾವಳಿಗೆಲ್ಲ ಇಂಥ ಬಂಡಿಗಳಲ್ಲಿ ಘಟ್ಟದ ಮೇಲಿನ ಊರುಗಳಿಗೆ ಜನರನ್ನು ಒಯ್ಯುವುದೆಂದು ಮಾತಾಯಿತು. ಹುಚ್ಚ ಎಂದವರೇ ಅಂದು ಅವನನ್ನು ‘ಆಚಾರ್ರೇ’ ಎಂದು ಕರೆದರು. ಆ ಕರೆ ಅವನಿಗೆ ಹಿತವಾಗಿತ್ತು.

ಮರುದಿನ ಎಂಜಿನ್ನು ಬಿಚ್ಚಿ ಒರೆಸುವಾಗ ಒಂದು ಸಿಲಿಂಡರಿನ ಬುಡದಲ್ಲಿ ಕೂದಲೆಳೆಯಷ್ಟು ಗೆರೆ ಕಂಡಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ, ಅದು ಬಿರುಕು. ಬೇರೆ ಕಬ್ಬಿಣದಲ್ಲಿ ಹೊಸದನ್ನು ಎರೆದು ಕೂರಿಸಿ, ಒಬ್ಬನೇ ಘಟ್ಟ ಹತ್ತಿ ಇಳಿದ. ಅದೇ ಜಾಗದಲ್ಲಿ ಅದೇ ಗೆರೆ. ದೋಷ ಕಬ್ಬಿಣದ್ದಲ್ಲ, ತನ್ನ ಯೋಚನೆಯದೇ ಎಂದು ಅವನಿಗೆ ತಿಳಿಯಿತು. ಎಂಜಿನ್ನು ಇದ್ದದ್ದು ಜನ ಕೂರುವ ಹಲಗೆಯ ಕೆಳಗೆ. ಅಂದೆಲ್ಲ ಅವನು ಕುಲುಮೆಗೆ ಬೆಂಕಿ ಹಾಕದೆ ಕೂತಿದ್ದ. ಸಂಜೆ ಎದ್ದು ವರ್ತಕನ ಮನೆಗೆ ಹೋದ.

ವರ್ತಕ ಸಿಲಿಂಡರನ್ನು ತಿರುಗಿಸಿ ತಿರುಗಿಸಿ ನೋಡಿದ. “ನನಗೇನೂ ಕಾಣುವುದಿಲ್ಲವಲ್ಲಯ್ಯ!”

“ನನಗೆ ಕಾಣುತ್ತದೆ ಯಜಮಾನರೇ.”

“ಎಷ್ಟು ದಿನ ತಡೆದೀತು?”

“ಗೊತ್ತಿಲ್ಲ. ಅದಕ್ಕೇ ಬಂದೆ.”

ವರ್ತಕ ಮುಖ ತಿರುಗಿಸಿಕೊಂಡ. ಕಮ್ಮಾರ ಮನೆಗೆ ಬಂದು ತನ್ನ ಎಂಜಿನ್ನನ್ನು ತಾನೇ ಸುತ್ತಿಗೆಯಿಂದ ಒಡೆದ. ಅಳು ಬಂತು, ಕೈ ನಿಲ್ಲಲಿಲ್ಲ.

ದೀಪಾವಳಿಗೆ ವರ್ತಕ ಹಳೆಯ ತರಹದ ಬಂಡಿಗಳನ್ನೇ ತರಿಸಿದ. ಅವು ಎಂದಿನಂತೆ ನಡುದಾರಿಯಲ್ಲಿ ಕುದಿದು ನಿಂತವು. ಜನ ಇಳಿದು, ಮರದ ನೆರಳಲ್ಲಿ ಕೂತು, ಕೈಯಲ್ಲಾಗದ ಒಕ್ಕಣ್ಣ ಕಮ್ಮಾರನನ್ನು ಬೈಯುತ್ತ ನೀರು ಆರಲೆಂದು ಕಾದರು. ಹೊತ್ತು ಮೀರಿ ಮನೆ ಸೇರಿದರು. ಅವನು ಕುಡುಗೋಲು, ಕೊಡಲಿ ಬಡಿಯುತ್ತ ಮುದುಕನಾಗಿ ತೀರಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. “ಅವನು ಮಾಡಿದ್ದೇನೆಂದು ಆ ಜನಕ್ಕೆ ಕೊನೆಗಾದರೂ ಗೊತ್ತಾಯಿತೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು: “ಸಾಯದೆ ಉಳಿದವರಿಗೆ ತಾವು ಉಳಿದದ್ದು ಹೇಗೆ ಗೊತ್ತಾಗಬೇಕು, ಮಗೂ?”