ಬೆಳ್ಳುಳ್ಳಿಗೆ ಬೆರಳು ಬಂದದ್ದು

ಲೋಕದ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಗಾಳಿ ಗಿಡಗಳಿಗೆಲ್ಲ ವಾಸನೆ ಹಂಚುತ್ತಾ ತಿರುಗುತ್ತಿತ್ತು. ಮಾತು ಮಾತ್ರ ಆಗಲೇ ಎಲ್ಲರಿಗೂ ಬಂದಿತ್ತು. ಹಲ್ಲಿಗೂ ಬಂದಿತ್ತು, ಹುಳಕ್ಕೂ ಬಂದಿತ್ತು.

ಆಗ ಬೆಳ್ಳುಳ್ಳಿ ಅಂದರೆ ಒಂದೇ ಉಂಡೆ. ಎಸಳಿಲ್ಲ. ವಾಸನೆಯೂ ಇಲ್ಲ.

ಕೆಂಚಯ್ಯ ಅಂತ ಒಬ್ಬ ಮುದುಕ ಇದ್ದ. ಅವನ ಹೆಂಡತಿ ಹೊಂಬಾಳಮ್ಮ. ಸುಗ್ಗಿ ಮುಗಿದ ಮೇಲೆ ಅವಳು ಅವರೆ ಬಡಿದಳು. ಬಿತ್ತನೆಗೆ ಒಳ್ಳೆ ಕಾಳು ಆರಿಸಿದಳು. ಮಡಕೆಗೆ ತುಂಬಿ, ಬಾಯಿಗೆ ಸಗಣಿ ಮಣ್ಣು ಮೆತ್ತಿ, ಬೆರಳಿಂದ ಒತ್ತಿದಳು. ಕೈ ತೊಳೆದು ಬಂದು ಮಲಗಿದಳು. ಮತ್ತೆ ಏಳಲಿಲ್ಲ.

ಮಣ್ಣು ಒಣಗಿತು. ಬೆರಳಚ್ಚು ಉಳಿಯಿತು.

ಬಿತ್ತನೆ ಕಾಳನ್ನು ಅಮಾವಾಸ್ಯೆಗೊಮ್ಮೆ ತೆಗೆದು ಬಿಸಿಲಿಗೆ ಹಾಕಬೇಕು. ಮತ್ತೆ ತುಂಬಿ ಮೆತ್ತಬೇಕು. ಹೊಲದಿಂದಲೇ ಕಾಳೊಳಗೆ ಅವಿತು ಬಂದ ನುಸಿ ಬಿಸಿಲಿಗೆ ಎದ್ದು ಹೋಗುತ್ತದೆ. ಇದು ಕೆಂಚಯ್ಯನಿಗೆ ಗೊತ್ತಿಲ್ಲದ್ದಲ್ಲ. ಆದರೂ ಅಮಾವಾಸ್ಯೆ ಬಂತು, ಹೋಯಿತು. ಇನ್ನೊಂದು ಬಂತು, ಹೋಯಿತು. ಅವನು ಮಡಕೆಯ ಬಾಯಿ ಒಡೆಯಲಿಲ್ಲ. ಒಡೆದರೆ ಬೆರಳಚ್ಚು ಹೋಗುತ್ತದಲ್ಲ.

ಬೆಳಗ್ಗೆ ಎದ್ದು ಆ ಗುಳಿಗಳಲ್ಲಿ ತನ್ನ ಬೆರಳು ಇಡುತ್ತಿದ್ದ. ಆಮೇಲೆ ಕೆಲಸಕ್ಕೆ ಹೋಗುತ್ತಿದ್ದ.

ಒಂದು ದಿನ ಗೋಡೆಯ ಹಲ್ಲಿ ಹೇಳಿತು, "ಕೆಂಚಯ್ಯ, ಮಡಕೆಯೊಳಗೆ ಕರಕರ ಅಂತಿದೆ ಕಣಯ್ಯ."

"ನಿನ್ನ ಕಿವಿಯೊಳಗೆ ಇರಬೇಕು."

"ನನಗೆ ಕಿವಿ ಎಲ್ಲಿದೆ ಹುಡುಕು ನೋಡೋಣ. ನಿನಗೆ ಅಷ್ಟು ದೊಡ್ಡದಿದೆಯಲ್ಲ, ಅದನ್ನ ಇಟ್ಟು ಕೇಳು."

ಅವನು ಕಿವಿಯಿಟ್ಟ. ಒಳಗೆ ನುಸಿಗಳು ಮಾತಾಡಿಕೊಳ್ಳುತ್ತಿದ್ದವು.

"ಗಟ್ಟಿ ಮನೆ."

"ಬಾಗಿಲು ಮುಚ್ಚಿದ ಮನೆ."

"ಕಾವಲಿಗೆ ಮುದುಕ ಬೇರೆ ಇದ್ದಾನೆ. ತಿನ್ನಿ, ತಿನ್ನಿ."

ಆ ಅವರೆ ಹೊಂಬಾಳಮ್ಮ ತವರಿಂದ ಸೆರಗಲ್ಲಿ ಕಟ್ಟಿ ತಂದ ತಳಿ. ಬೇರೆ ಎಲ್ಲೂ ಇರಲಿಲ್ಲ. ಈ ಮಡಕೆ ಹೋದರೆ ಅದೂ ಹೋಯಿತು. ಬಿಸಿಲಿಗೆ ಹಾಕೋಣ ಅಂದರೆ ಹೊರಗೆ ಮುಂಗಾರು ಮೋಡ.

ಹಿತ್ತಿಲಿಗೆ ಹೋದ. ಅವಳು ನೆಟ್ಟ ಗಿಡಗಳು ಅಲ್ಲಿದ್ದವು. ಯಾರಾದರೂ ಬನ್ನಿ, ನುಸಿ ಓಡಿಸಿ ಅಂದ.

ಪುದೀನ ಹೇಳಿತು, "ನನ್ನನ್ನ ಹೊಸಿಲ ಹತ್ತಿರ ಹಾಕು, ಇರುವೆ ತಡೀತೀನಿ. ಮಡಕೆಯೊಳಗಾದರೆ ಕೊಳೆತು ಹೋಗ್ತೀನಿ."

ತುಳಸಿ ಹೇಳಿತು, "ನನ್ನದು ಸೊಳ್ಳೆ ಓಡಿಸೋ ಕೆಲಸ. ಅದೇ ಮುಗಿಯೋದಿಲ್ಲ."

ಕರಿಬೇವು ಹೇಳಿತು, "ನನ್ನನ್ನ ಒಗ್ಗರಣೆಗೆ ಕರೀತಾರೆ. ಆಮೇಲೆ ತಟ್ಟೆ ಅಂಚಿಗೆ ಎತ್ತಿಡ್ತಾರೆ. ನನ್ನ ಮಾತು ನುಸಿ ಕೇಳುತ್ತಾ?"

ಮಣ್ಣೊಳಗಿಂದ ಬೆಳ್ಳುಳ್ಳಿ ಕೂಗಿತು. "ನಾನು ಬರ್ತೀನಿ."

"ನಿನಗೆ ವಾಸನೆಯೇ ಇಲ್ಲವಲ್ಲೋ," ಅಂದ ಕೆಂಚಯ್ಯ.

ಅಲ್ಲೇ ಹಾದು ಹೋಗುತ್ತಿದ್ದ ಗಾಳಿ ನಿಂತಿತು. "ನನ್ನ ಹತ್ತಿರ ಒಂದು ಉಳಿದಿದೆ. ಬರೀ ಘಾಟು. ಮಲ್ಲಿಗೆಗೆ ತೋರಿಸಿದರೆ ಮುಖ ತಿರುಗಿಸಿತು. ಇದನ್ನ ತಗೊಂಡರೆ ಬಿಟ್ಟು ಹೋಗೋದಿಲ್ಲ. ಮುಟ್ಟಿದ ಕೈಯನ್ನೂ ಬಿಡೋದಿಲ್ಲ."

"ಕೊಡು," ಅಂತು ಬೆಳ್ಳುಳ್ಳಿ. "ನನ್ನನ್ನ ನೆಟ್ಟವಳ ಕಾಳು ಅದು." ಆಮೇಲೆ ಕೆಂಚಯ್ಯನಿಗೆ ಹೇಳಿತು, "ಮಡಕೆ ಬಾಯಿ ಮಾತ್ರ ನೀನೇ ಒಡೀಬೇಕು, ಯಜಮಾನ."

ಕೆಂಚಯ್ಯ ಬೆಳ್ಳುಳ್ಳಿ ಕಿತ್ತು ತಂದು ಮಡಕೆಯ ಮುಂದೆ ಕೂತ. ಗುಳಿಗಳಲ್ಲಿ ಬೆರಳು ಇಟ್ಟ. ತೆಗೆದ. ಇನ್ನೊಂದು ಸಲ ಇಟ್ಟ. ಆಮೇಲೆ ಅಂಗೈಯಿಂದ ಗುದ್ದಿದ.

ಮಣ್ಣು ಒಡೆಯಿತು. ಬೆರಳಚ್ಚಿದ್ದ ಹೆಂಟೆಯನ್ನು ಕೈಯಲ್ಲಿ ಹಿಡಿದುಕೊಂಡ. ಹಿಡಿದಲ್ಲೇ ಅದರ ಅಂಚು ಉದುರತೊಡಗಿತು.

"ಬೇಗ ನನ್ನ ಮೇಲೆ ಒತ್ತು," ಅಂತು ಬೆಳ್ಳುಳ್ಳಿ. "ನಾನಿನ್ನೂ ಹಸಿ ಇದ್ದೀನಿ."

ಒತ್ತಿದ. ಬೆರಳ ಗುಳಿಗಳಲ್ಲಿ ಬೆಳ್ಳುಳ್ಳಿ ತುಂಬಿಕೊಂಡಿತು. ಮಣ್ಣು ಪುಡಿಯಾಗಿ ನೆಲಕ್ಕೆ ಬಿತ್ತು. ಕೈಯಲ್ಲಿ ಬೆಳ್ಳುಳ್ಳಿ ಉಳಿಯಿತು. ಉಂಡೆ ಹೋಗಿ ಎಸಳಾಗಿತ್ತು. ಒಂದೊಂದು ಎಸಳೂ ಬೆರಳ ತುದಿಯ ಹಾಗೆ.

ಅದನ್ನು ಕಾಳಿನ ನಡುವೆ ಹೂತ. ಘಾಟು ಏರಿತು. ನುಸಿಗಳು ಒಂದರ ಮೇಲೊಂದು ಬಿದ್ದು ಹೊರಗೆ ಬಂದವು. "ಯಾರೋ ಬಂದರು, ಮನೆಯವರು ಬಂದರು," ಅನ್ನುತ್ತಾ ಗೋಡೆ ಹತ್ತಿದವು. ಗೋಡೆಯ ಮೇಲೆ ಹಲ್ಲಿ ಇತ್ತು. ಅದಕ್ಕೆ ಅವತ್ತು ಹೊಟ್ಟೆ ತುಂಬಿತು.

ಅರ್ಧ ಕಾಳು ತೂತಾಗಿತ್ತು. ಉಳಿದದ್ದನ್ನು ಕೆಂಚಯ್ಯ ಬಿತ್ತಿದ. ಅವರೆ ಹುಟ್ಟಿತು.

ಬಿತ್ತಿ ಬಂದು ಕೈ ತೊಳೆದ. ಮೂಸಿ ನೋಡಿದ. ಬೂದಿ ಹಚ್ಚಿ ತೊಳೆದ. ಮೂಸಿ ನೋಡಿದ.

"ಹೋಗೋದಿಲ್ಲ ಅಂತ ಆಗಲೇ ಹೇಳಿದ್ದೆ," ಅಂತು ಗಾಳಿ.

"ಇರಲಿ ಬಿಡು," ಅಂದ ಕೆಂಚಯ್ಯ.

ಕಾಳಿನ ಡಬ್ಬಿಯಲ್ಲಿ ಇವತ್ತಿಗೂ ಬೆಳ್ಳುಳ್ಳಿ ಹಾಕಿಡುವುದು ಅದಕ್ಕೇ. ಒಂದು ಗಡ್ಡೆ ತಗೊಂಡು ಸಿಪ್ಪೆ ಬಿಡಿಸಿ ನೋಡು ಮಗು, ಒಳಗೆ ಬೆರಳ ತುದಿಗಳು ಒತ್ತಿಕೊಂಡು ಕೂತಿರುತ್ತವೆ. ಮುಟ್ಟಿದರೆ, ಎಷ್ಟು ತೊಳೆದರೂ ನಿನ್ನ ಕೈ ಬಿಡುವುದಿಲ್ಲ.