ಬೆನ್ನುಕೆರೆಗೆ ಆ ಹೆಸರು ಬಂದ ಬಗೆ

ಬೆನ್ನುಕೆರೆ ಎರಡು ಬೋಳುಗುಡ್ಡಗಳ ನಡುವೆ ಇದೆ. ಹೆದ್ದಾರಿಯಿಂದ ಒಂಬತ್ತು ಕಿಲೋಮೀಟರು. ಭಾನುವಾರಗಳಲ್ಲಿ ಅಷ್ಟು ದೂರಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ, ಏಕೆಂದರೆ ಏಕಾಂತವನ್ನು ಹುಡುಕಿಕೊಂಡು ಬರುವವರೆಲ್ಲರೂ ಒಂದೇ ಹೊತ್ತಿಗೆ ಬರುತ್ತಾರೆ. ನೀರಿನ ಮೇಲೆ ಕಾಲಿನಿಂದ ತುಳಿಯುವ ದೋಣಿಗಳಿವೆ. ಕೆಲವಕ್ಕೆ ಹಂಸದ ಕತ್ತೂ ಇದೆ. ದೋಣಿಯ ಗುತ್ತಿಗೆದಾರರು ಏರಿಯ ಮೇಲೆ ಒಂದು ಫಲಕ ನೆಟ್ಟು ‘ಪ್ಯಾರಡೈಸ್ ಲೇಕ್’ ಎಂದು ಬರೆಸಿದ್ದಾರೆ. ಊರಿನವರು ಆ ಫಲಕಕ್ಕೆ ಯಾವ ಹಾನಿಯನ್ನೂ ಮಾಡಿಲ್ಲ. ಅದಕ್ಕೆ ಎಮ್ಮೆ ಕಟ್ಟುತ್ತಾರೆ. ಬಂದವರ ದೂರು ಒಂದೇ, ಈ ಊರಿನ ಜನಕ್ಕೆ ಸೌಜನ್ಯವಿಲ್ಲ ಎಂಬುದು. ಕೆರೆ ಎಲ್ಲಿ ಎಂದು ಕೇಳಿದರೆ ಮುಖ ತಿರುಗಿಸದೆ ಹೆಬ್ಬೆರಳನ್ನು ಹೆಗಲ ಮೇಲಿಂದ ಹಿಂದಕ್ಕೆ ತೋರಿಸುತ್ತಾರೆ. ಕೆರೆಯ ಕಡೆಗೆ ಒಂದು ಮನೆಗೂ ಬಾಗಿಲಿಲ್ಲ, ಕಿಟಕಿಯಿಲ್ಲ, ಬರೀ ಗೋಡೆ. ಇಂಥ ನೋಟಕ್ಕೆ ಎದುರಾಗಿ ಒಂದು ಚಹಾದಂಗಡಿ ಇಟ್ಟುಕೊಂಡರೆ ನೀವೂ ಬದುಕಬಹುದಲ್ಲ ಎಂದು ಪೇಟೆಯವರೊಬ್ಬರು ಹಿತ ನುಡಿದಾಗ, ಹುಲ್ಲು ಕೊಯ್ಯುತ್ತಿದ್ದ ಮುದುಕಿಯೊಬ್ಬಳು, ಈಗ ನಾವು ಸತ್ತಿರೋ ಹಂಗೆ ಕಾಣ್ತೀವಾ ಮಗಾ ಎಂದು ಕೇಳಿದಳಂತೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಕರಡಿಬೆಟ್ಟದ ಪಾಳೆಯಗಾರ ಜಡೆಯಪ್ಪ ನಾಯಕ ಆಳುತ್ತಿದ್ದ. ಆಗ ಇದು ಬರೀ ಊರ ಕೆರೆ. ಇದಕ್ಕೆ ಬೇರೆ ಹೆಸರಿನ ಅಗತ್ಯ ಬಿದ್ದಿರಲಿಲ್ಲ. ತೂಬನ್ನು ಎತ್ತುವುದು, ಇಳಿಸುವುದು, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ನೀರುಗಂಟಿಯ ಕೆಲಸ. ಆ ಕಾಲದ ನೀರುಗಂಟಿ ದೊಡ್ಡೀರಯ್ಯನೆಂಬವನು. ಪ್ರತಿ ಬೆಳಿಗ್ಗೆ ಏರಿಯ ಮೇಲೆ ನಿಂತು ಕೆರೆಯೊಳಗಿನ ಅಳತೆಗಲ್ಲನ್ನು ನೋಡುವನು. ಕಲ್ಲು ಎಷ್ಟು ಮುಳುಗಿದೆ ಎಂಬುದರ ಮೇಲೆ ಆ ದಿನ ಯಾರ ಗದ್ದೆಗೆ ಎಷ್ಟು ನೀರು ಎಂದು ಹೇಳುವನು. ಅವನಲ್ಲದೆ ಇನ್ನೊಬ್ಬರು ತೂಬು ಮುಟ್ಟುವಂತಿರಲಿಲ್ಲ. ನಾಯಕ ವರ್ಷಕ್ಕೊಮ್ಮೆ ಎರಡು ದಿನ ಜಲವಿಹಾರಕ್ಕೆ ಬಂದು, ಊರಿನ ಕುರಿಗಳನ್ನು ತಿಂದು, ಕೆರೆಯನ್ನು ಹೊಗಳಿ ಹೋಗುತ್ತಿದ್ದ. ಊರು ಅದನ್ನು ಆಲಿಕಲ್ಲು ಮಳೆಯಂತೆ ಸಹಿಸಿಕೊಂಡಿತ್ತು.

ಒಂದು ವರ್ಷ ಕೆರೆ ತುಂಬಿ ಕೋಡಿ ಬಿದ್ದಿತು. ಅದರ ಚೆಲುವು ನಾಯಕನ ಕಿವಿಗೂ ಬಿದ್ದು, ಅವನು ರಾಣಿವಾಸದ ಸಮೇತ ಒಂದು ತಿಂಗಳಿಗೆಂದು ಬಂದು ಡೇರೆ ಹಾಕಿಸಿದ. ಬಂದ ದಿನವೇ ಎರಡು ಅಪ್ಪಣೆಗಳಾದವು. ಮೊದಲನೆಯದು, ವಿಹಾರ ಮುಗಿಯುವವರೆಗೆ ತೂಬು ಎತ್ತಕೂಡದು. ನೀರು ಇಳಿದರೆ ದಡದಲ್ಲಿ ಕೆಸರು ಕಾಣುತ್ತದೆ, ಕೆಸರು ಅರಸಿಯರಿಗೆ ಹಿತವಲ್ಲ. ಎರಡನೆಯದು, ರಾಣಿವಾಸ ನೀರಿನಲ್ಲಿರುವುದರಿಂದ ಯಾರೂ ಕೆರೆಯತ್ತ ಮುಖ ಮಾಡಕೂಡದು. ನೋಡಿದ ಕಣ್ಣನ್ನು ಕೀಳಿಸಲಾಗುವುದು. ಡಂಗುರ ಸಾರಿದವನೂ ಬೆನ್ನು ಹಾಕಿಯೇ ಸಾರಿದ. ಅಂದಿನಿಂದ ಹೆಂಗಸರು ಹಿಮ್ಮುಖವಾಗಿ ನಡೆದು ನೀರು ತುಂಬಿಕೊಂಡರು. ದನಗಳು ಮಾತ್ರ ಎದುರಿನಿಂದಲೇ ಹೋಗಿ ಕುಡಿದವು. ಅವುಗಳಿಗೆ ಅಪ್ಪಣೆ ಅನ್ವಯಿಸುತ್ತದೆಯೇ ಎಂದು ನಾಯಕನ ವ್ಯವಹಾರ ನೋಡಿಕೊಳ್ಳುವ ಪಾರುಪತ್ಯಗಾರ ಎರಡು ದಿನ ಯೋಚಿಸಿದನೆನ್ನುತ್ತಾರೆ.

ಅದು ಭತ್ತದ ಹೊಡೆ ಒಡೆದು ತೆನೆಗೆ ಹಾಲು ತುಂಬುವ ಹೊತ್ತು. ಆಗ ಎಂಟು ದಿನ ನೀರು ತಪ್ಪಿದರೆ ಇಡೀ ಬಯಲು ಜೊಳ್ಳು. ಆರು ದಿನ ಕಳೆದ ಮೇಲೆ ದೊಡ್ಡೀರಯ್ಯ ಡೇರೆಗೆ ಹೋಗಿ, ಒಂದು ಗೇಣು ತೂಬು ಎತ್ತಲು ಅಪ್ಪಣೆಯಾಗಬೇಕು, ದಿನಕ್ಕೊಮ್ಮೆ ಅಳತೆಗಲ್ಲನ್ನಾದರೂ ನೋಡಲು ಬಿಡಬೇಕು ಎಂದು ಬಿನ್ನವಿಸಿದ. ನಾಯಕ ಆಗತಾನೆ ನೀರಿನಿಂದ ಎದ್ದು ಬಂದು ಉಲ್ಲಾಸದಲ್ಲಿದ್ದ.

“ಭತ್ತ ಯಾವ ಊರಲ್ಲಾದರೂ ಬೆಳೀತದೆ. ಇಂಥ ನೀರು ಎಲ್ಲಿ ಸಿಗ್ತದೋ?” ಎಂದ. ಸುತ್ತಲಿದ್ದವರು ನಕ್ಕರು.

ದೊಡ್ಡೀರಯ್ಯ ಕೈಮುಗಿದು ಹಿಂದಿರುಗಿದ. ಮರುದಿನ ನಡುಮಧ್ಯಾಹ್ನ, ಪರಿವಾರವೆಲ್ಲ ಉಂಡು ಮಲಗಿದ್ದಾಗ, ಅವನು ಎರಡನೆಯ ಅಪ್ಪಣೆಯನ್ನಾದರೂ ಮೀರದಂತೆ ಹಿಮ್ಮುಖವಾಗಿಯೇ ನೀರಿಗಿಳಿದ. ನಲವತ್ತು ವರ್ಷ ಎತ್ತಿದ ತೂಬು. ಅದನ್ನು ಹುಡುಕಲು ಕಣ್ಣು ಬೇಕಿರಲಿಲ್ಲ. ಅದರ ಬಾಯಿ ಮುಚ್ಚುವ ಬೆಣೆಯನ್ನು ಪೂರ್ತಿಯಾಗಿ ಕಿತ್ತು ಹೆಗಲ ಮೇಲಿಟ್ಟುಕೊಂಡು ಮನೆಗೆ ಹೋದ. ಏರಿಯ ಮೇಲೆ ನಾಯಕನ ಕಾವಲುಗಾರರಿದ್ದರು. ಕೆರೆಯ ಕಡೆ ಅವರೂ ನೋಡುವಂತಿರಲಿಲ್ಲ. ಅವನ ಹೆಗಲ ಮೇಲಿನ ಬೆಣೆಯನ್ನೂ ಎದುರಿನ ಕಾಲುವೆಯಲ್ಲಿ ನೀರು ಹರಿದುಬಂದದ್ದನ್ನೂ ಕಂಡರು. ಆದರೆ ಕೆರೆ ನೋಡುವವರನ್ನು ಹಿಡಿಯಲು ಅವರನ್ನು ನಿಲ್ಲಿಸಲಾಗಿತ್ತೇ ಹೊರತು ಬೆಣೆಯ, ಕಾಲುವೆಯ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಅತ್ತ ಪರಿವಾರದವರು ನೀರು ಇಳಿಯುತ್ತಿರುವುದನ್ನು ದಿನವೂ ಕಂಡರು, ದಿನವೂ ನಾಯಕನಿಗೆ ಹೇಳಲು ಅಂಜಿದರು. ನಾಯಕನೂ ರಾಣಿವಾಸವೂ ಕೂರುವ ಹರಿಗೋಲನ್ನು ಬೆಳಿಗ್ಗೆ ಬೆಳಿಗ್ಗೆ ಇನ್ನಷ್ಟು ಒಳಕ್ಕೆ ಒಯ್ಯಿಸುತ್ತಿದ್ದ ಪಾರುಪತ್ಯಗಾರ, ನಡುಗೆರೆಯ ಗಾಳಿ ಪಿತ್ತಕ್ಕೆ ಒಳ್ಳೆಯದೆಂದು ವಿವರಿಸುತ್ತಿದ್ದ. ಐದನೆಯ ದಿನ ಹರಿಗೋಲು ನಿಂತಿತು. ನೂಕಲೆಂದು ಇಳಿದ ನಾಲ್ವರು ಸೊಂಟದವರೆಗೆ ಕೆಸರಿನಲ್ಲಿ ಹೂತರು. ಅವರನ್ನು ಗದರಿಸಲೆಂದು ಇಳಿದ ನಾಯಕನೂ ಹೂತ.

ಕೂಗು ಕೇಳಿ ಊರು ಏರಿಯ ಮೇಲೆ ಸೇರಿತು. ಎಲ್ಲರೂ ಸಾಲಾಗಿ, ವಿಧೇಯರಾಗಿ, ಕೆರೆಗೆ ಬೆನ್ನು ಹಾಕಿ ನಿಂತರು.

“ಯಾರೋ ಅದು? ಇತ್ತ ತಿರುಗಿ ಹಗ್ಗ ಎಸೀರೋ” ಎಂದು ನಾಯಕ ಕೂಗಿದ.

“ತಿರುಗಬಾರ್ದು ಅಂತ ಅಪ್ಪಣೆ ಆಗೈತೆ” ಎಂದ ದೊಡ್ಡೀರಯ್ಯ, ಗದ್ದೆಯ ಕಡೆ ನೋಡುತ್ತ.

“ಆ ಅಪ್ಪಣೆ ಕೊಟ್ಟೋನು ನಾನೇ. ತೆಗೆದಿದೀನಿ, ತಿರುಗು.”

“ದನಿಯೇನೋ ಬುದ್ಧಿಯೋರದ್ದೇ ಅನ್ನಿಸ್ತದೆ. ಆದರೆ ನಮ್ಮ ಬುದ್ಧಿಯೋರು ಕೆಸರಲ್ಲಿ ನಿಂತು ಕೂಗೋರಲ್ಲ. ಯಾರೋ ಏನೋ, ನೋಡದೆ ಹೆಂಗೆ ನಂಬೋದು? ನೋಡಿದ್ರೆ ಕಣ್ಣು ಹೋಯ್ತದೆ.”

ಕಾವಲುಗಾರರಿಗೂ ಈ ತರ್ಕ ಸರಿಯೆನಿಸಿತು, ಅವರಿಗೂ ಕಣ್ಣುಗಳಿದ್ದವು. ನಾಯಕ ಬೈದ, ಬೇಡಿದ, ಮತ್ತೆ ಬೈದ. ಕಟ್ಟಕಡೆಯ ಗದ್ದೆಯ ಬದು ಮುಟ್ಟುವಷ್ಟು ನೀರು ನಿಂತಿತೆಂದು ಕೆಳಗಿನಿಂದ ಯಾರೋ ಕೈಯೆತ್ತುವವರೆಗೆ ಒಂದು ಕತ್ತೂ ಅಲುಗಲಿಲ್ಲ. ಆಮೇಲೆ ಹಗ್ಗ ತಂದು ಹೆಗಲ ಮೇಲಿಂದ ಹಿಂದಕ್ಕೆ ಎಸೆದರು. ನೊಗ ಹೊತ್ತ ಎತ್ತಿನಂತೆ ಮುಂದಕ್ಕೆ ನಡೆದು, ನಾಯಕನನ್ನೂ ರಾಣಿವಾಸವನ್ನೂ ಕಣ್ಣೆತ್ತಿ ನೋಡದೆ ದಡಕ್ಕೆ ಎಳೆದು ಹಾಕಿದರು.

ದಡ ಸೇರಿದ ನಾಯಕನ ಮೊದಲ ಕೆಲಸ ಮುಖ ತೊಳೆಯುವುದಾಗಿರಲಿಲ್ಲ. ಕಣ್ಣು ಕೀಳಿಸಲು ಯಾರೂ ನೋಡಿರಲಿಲ್ಲವಾದ್ದರಿಂದ, ತೂಬು ಕಿತ್ತದ್ದಕ್ಕಾಗಿ ದೊಡ್ಡೀರಯ್ಯನ ಬಲಗೈಯನ್ನು ಅಲ್ಲೇ ಏರಿಯ ಮೇಲೆ ಕಡಿಸಿದ. ಗಾಯಕ್ಕೆ ಬಟ್ಟೆ ಸುತ್ತುತ್ತಿರುವಾಗ ಮುದುಕ ಆಡಿದ ಮಾತನ್ನು ಊರಿನವರು ಇಂದಿಗೂ ಹಾಗೆಯೇ ಹೇಳುತ್ತಾರೆ: “ಎಡಗೈಗೂ ತೂಬು ಗೊತ್ತು, ಬುದ್ಧಿ.”  ವಿಹರಿಸಲು ಅಲ್ಲಿ ಏನೂ ಉಳಿದಿರಲಿಲ್ಲವಾದ್ದರಿಂದ ನಾಯಕ ಡೇರೆ ಕೀಳಿಸಿ ಹೊರಟುಹೋದ, ಮತ್ತೆ ಬರಲಿಲ್ಲ. ಆ ಬೇಸಗೆಯಲ್ಲಿ ಊರು ಕುಡಿಯುವ ನೀರನ್ನು ಎರಡು ಹರದಾರಿ ದೂರದಿಂದ ಹೊತ್ತಿತು. ಭತ್ತ ಮಾತ್ರ ಒಂದು ತೆನೆಯೂ ಜೊಳ್ಳಾಗಲಿಲ್ಲ. ಬೆನ್ನುಕೆರೆ ಎಂಬ ಹೆಸರು ಆಮೇಲೆ ಬಂತು, ಉಳಿಯಿತು.

ತೂಬಿನ ಕಲ್ಲುಕಂಬದ ಮೇಲೆ ಕೆತ್ತಿದ ಒಂದು ಎಡಗೈಯನ್ನು ಈಗಲೂ ನೋಡಬಹುದು. ಅದು ಸ್ವಾಗತ ಕೋರುತ್ತಿದೆ ಎಂದು ತಿಳಿದು ಬಂದವರು ಅದಕ್ಕೆ ಅಂಗೈ ತಾಗಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಈಗಿನ ನೀರುಗಂಟಿ ಸಣ್ಣೀರಪ್ಪ ಎಲ್ಲ ಕೆಲಸವನ್ನೂ ಬಲಗೈಯಲ್ಲಿ ಮಾಡುತ್ತಾನೆ, ತೂಬನ್ನು ಎಡಗೈಯಲ್ಲಿ ಎತ್ತುತ್ತಾನೆ. ತೆನೆಗೆ ಹಾಲು ತುಂಬುವ ವಾರಗಳಲ್ಲಿ ಅವನು ಯಾರನ್ನೂ ಕೇಳುವುದಿಲ್ಲ. ಗುತ್ತಿಗೆದಾರರು ‘ತಾಂತ್ರಿಕ ಕಾರಣದಿಂದ ವಿಹಾರವಿಲ್ಲ’ ಎಂದು ಬರೆದು ಹಾಕುವಷ್ಟರಲ್ಲಿ ಒಂದೆರಡು ದೋಣಿಗಳಾದರೂ ಕೆಸರಿಗೆ ಕೂತಿರುತ್ತವೆ. ಹೋದ ವರ್ಷ ಹಾಗೆ ಕೂತ ಹಂಸದೊಳಗಿಂದ ತಂಪುಕನ್ನಡಕದ ಗೃಹಸ್ಥರೊಬ್ಬರು, ಸಹಾಯ ಮಾಡಿ ಎಂದು ಕೂಗುತ್ತ ಬಹಳ ಹೊತ್ತು ಕೈ ಬೀಸಿದರು. ಏರಿಯ ಮೇಲೆ ಕೂತು ಕಾಲುವೆ ನೋಡುತ್ತಿದ್ದ ಸಣ್ಣೀರಪ್ಪ ತಿರುಗದೆಯೇ ಉತ್ತರ ಕೊಟ್ಟ.

“ಗದ್ದೆ ತುಂಬೋವರೆಗೂ ಕುಂತಿರಿ ಸಾರ್. ಹಂಸ ಎಲ್ಲೂ ಹೋಗಲ್ಲ.”