ಸಾಹೇಬರು ಕುಣಿದ ಗುಡ್ಡೆ

ಒಂದು ಕಲ್ಲಿದ್ದಲಿನ ವಿದ್ಯುತ್ ಸ್ಥಾವರ. ಅದರ ಹೊಗೆಯಲ್ಲಿ ಗಂಧಕದ ವಿಷವಿರುತ್ತದೆ. ಆ ಹೊಗೆಯನ್ನು ಸುಣ್ಣದಕಲ್ಲಿನ ನೀರಿನಲ್ಲಿ ತೊಳೆದರೆ ವಿಷ ಕಳೆದು, ಕೆಳಗೆ ಗಸಿ ಉಳಿಯುತ್ತದೆ. ಗಸಿಗೆ ಚೆನ್ನಾಗಿ ಗಾಳಿ ಊದಿದರೆ ಅದು ಜಿಪ್ಸಂ ಆಗಿ, ಮರಳಿನ ಹಾಗೆ ನೀರು ಬಿಟ್ಟುಕೊಡುತ್ತದೆ. ಊದದಿದ್ದರೆ ನೀರನ್ನೆಲ್ಲ ಒಳಗೇ ಬಚ್ಚಿಟ್ಟುಕೊಂಡು, ಮೇಲೆ ಮಾತ್ರ ಒಣಗಿ ಕೂರುತ್ತದೆ. ನಮ್ಮ ನಿಮ್ಮಲ್ಲೂ ಇಂಥವರಿದ್ದಾರೆ ಬಿಡಿ.

ಈ ಗಸಿಯ ಗುಡ್ಡೆ ನೋಡಿಕೊಳ್ಳುವವನು ಯಂಕೋಬ. ಗಾಳಿ ಊದುವ ಯಂತ್ರ ಕೆಟ್ಟಿದೆ, ಗುಡ್ಡೆ ಹತ್ತಿದರೆ ಅಪಾಯ ಎಂದು ಅವನು ಮೂರು ಸಲ ಆಫೀಸಿಗೆ ಹೋಗಿ ಹೇಳಿ ಬಂದಿದ್ದ. ಯಾರೂ ತಿರುಗಿ ನೋಡಲಿಲ್ಲ.

ಒಂದು ಬೆಳಿಗ್ಗೆ ಹೊಸ ಸಾಹೇಬರು ಬಂದರು. ಕೆಳಗೆ ಗಸಿ ಸುರಿಯಲು ಜಾಗವಿರಲಿಲ್ಲ. ಗಸಿ ತುಂಬಿದ ಟಿಪ್ಪರನ್ನು ಗುಡ್ಡೆಯ ಮೇಲಕ್ಕೇ ಹತ್ತಿಸಿ ಎಂದರು. ಡ್ರೈವರ್ ಖಾಜಾಹುಸೇನ ಸ್ಟೇರಿಂಗ್ ಹಿಡಿದುಕೊಂಡು ಯಂಕೋಬನ ಮುಖ ನೋಡಿದ.

"ಬ್ಯಾಡ್ರಿ ಸಾಹೇಬ್ರ. ಮ್ಯಾಲಷ್ಟ ಗಟ್ಟಿ ಐತಿ. ಗಾಡಿ ನಡುಗಿದ್ರ ಒಳಗ ಅಂಬಲಿ ಆಕ್ಕೈತಿ. ಗಾಡಿನೂ ಹೋಗತೈತಿ, ಅವನೂ ಹೋಗ್ತಾನ" ಎಂದ ಯಂಕೋಬ. ಹೇಳಿ ಹೇಳಿ ಸಾಕಾಗಿದ್ದ ಅವನ ದನಿಯಲ್ಲಿ ಜೀವವೇ ಇರಲಿಲ್ಲ.

ಸಾಹೇಬರಿಗೆ ಅದು ಸೋಮಾರಿಯ ದನಿ ಅನ್ನಿಸಿತು. ಕೋಲಿನಿಂದ ಗುಡ್ಡೆಯನ್ನು ಚುಚ್ಚಿದರು. ಕೋಲು ಇಳಿಯಲಿಲ್ಲ. ತಾವೇ ಮೇಲೆ ಹತ್ತಿ ನಿಂತರು.

"ನೋಡಪ್ಪ, ನಾನು ನಿಂತಿಲ್ಲವೇ?"

"ನಿಂತ್ರ ಏನೂ ಆಗಂಗಿಲ್ರಿ. ಒಂದೀಟು ಕುಣೀರಿ."

"ಏನಂದೆ?"

"ನಿಂತಲ್ಲೇ ಹತ್ತು ಸಲ ಕುಣೀರಿ. ಆಮ್ಯಾಲ ಖಾಜಾನ್ನ ಕರೀರಿ."

ಸಾಹೇಬರಿಗೆ ಸಿಟ್ಟು ನೆತ್ತಿಗೇರಿತು. "ನನ್ನನ್ನೇ ಕುಣಿಸ್ತೀಯಾ? ನಾನು ಯಾರು ಗೊತ್ತಾ?" ಎಂದು ಒಂದೊಂದು ಮಾತಿಗೂ ಕಾಲು ಅಪ್ಪಳಿಸಿದರು. ನಾಲ್ಕನೇ ಏಟಿಗೆ ಒಣನೆಲ ಒದ್ದೆಯಾಗಿ ಹೊಳೆಯಿತು. ಐದನೇ ಏಟಿಗೆ ಪಾದ ಮುಳುಗಿತು. ಮುಂದಿನ ಮಾತು ಬಾಯಿಗೆ ಬರುವಷ್ಟರಲ್ಲಿ ಗಸಿ ಮೊಣಕಾಲು ಮುಟ್ಟಿತ್ತು.

ಖಾಜಾಹುಸೇನ ಟಿಪ್ಪರಿನಿಂದ ಹಾರಿ ಹಗ್ಗ ಎಸೆದ. ಇಬ್ಬರೂ ಸೇರಿ ಸಾಹೇಬರನ್ನು ಎಳೆದು ಹಾಕಿದರು. ಒಂದು ಬೂಟು ಮಾತ್ರ ಗಸಿಯಲ್ಲೇ ಉಳಿಯಿತು.

"ಇಷ್ಟು ಅಪಾಯ ಅಂತ ಗೊತ್ತಿದ್ದರೆ ಜೋರಾಗಿ ಹೇಳಬಾರದಿತ್ತೇನಯ್ಯ?" ಎಂದು ಸಾಹೇಬರು ಏದುಸಿರು ಬಿಟ್ಟರು.

"ಮೊದಲನೇ ಸಲ ಜೋರಾಗೇ ಹೇಳಿದ್ನಿರಿ. ಇದು ನಾಕನೇ ಸಲ" ಎಂದ ಯಂಕೋಬ, ಹಗ್ಗ ಸುತ್ತುತ್ತ.

ಸಾಹೇಬರು ತಲೆ ಎತ್ತಿ ಟಿಪ್ಪರ್ ನೋಡಿದರು. ಅದನ್ನು ಗುಡ್ಡೆಗೆ ಹತ್ತಿಸಬೇಕಾಗಿದ್ದ ಖಾಜಾಹುಸೇನನನ್ನು ನೋಡಿದರು. ಒಂದೇ ಬೂಟಿನಲ್ಲಿ ಕುಂಟುತ್ತ ಆಫೀಸಿಗೆ ಹೋಗಿ, ಯಂತ್ರದ ರಿಪೇರಿಗೆ ಸಹಿ ಹಾಕಿದರು.

ನೀತಿ: ಸುಮ್ಮನೆ ನಿಂತಾಗ ಗಟ್ಟಿ ಕಂಡದ್ದನ್ನು ನಂಬಿ ಇನ್ನೊಬ್ಬರ ಜೀವ ಒಡ್ಡಬೇಡಿ, ಅಲ್ಲಾಡಿಸಿ ನೋಡಿ. ಹೇಳಿ ಹೇಳಿ ದಣಿದವನ ದನಿ ಸಣ್ಣದಾಗಿರುತ್ತದೆ. ಅಷ್ಟಕ್ಕೇ ಅವನ ಮಾತು ಸುಳ್ಳಾಗುವುದಿಲ್ಲ.